ಅಪ್‌ಡೇಟ್: ಹಿಂದಿನ ಬ್ರೇಕ್ ಪ್ಯಾಡ್ ಬೇಗ ಸವೆದದ್ದಕ್ಕೆ ಕಾರಣ ಸಿಕ್ಕಿತು

ನನ್ನ ಸಣ್ಣ ಕಾರಿನ ಹಿಂದಿನ ಬ್ರೇಕ್ ಪ್ಯಾಡ್‌ಗಳು 22,000 ಕಿಲೋಮೀಟರ್‌ಗೇ ಸವೆದು, ಎಡಗಡೆಯಿಂದ ಕಿರ್ರೆನ್ನುವ ಸದ್ದು ಬರುತ್ತಿರುವುದೇಕೆಂದು ಈ ಹಿಂದೆ ಕೇಳಿದ್ದೆ. ಚಕ್ರ ಬಿಚ್ಚಿ ನೋಡಿದಾಗ, ಎಡಗಡೆಯ ಒಳ ಪ್ಯಾಡ್ ಲೋಹದ ತಗಡಿನವರೆಗೂ ಸವೆದಿದ್ದರೆ ಹೊರ ಪ್ಯಾಡ್‌ನಲ್ಲಿ ಇನ್ನೂ 6 ಮಿಲಿಮೀಟರ್ ಉಳಿದಿತ್ತು. ಚಕ್ರದೊಂದಿಗೆ ತಿರುಗುವ ಡಿಸ್ಕ್‌ಗೆ ಪ್ಯಾಡ್‌ಗಳನ್ನು ಒತ್ತುವ ಭಾಗವಾದ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ನಿನ ರಬ್ಬರ್ ಬೂಟ್ (ಹೊದಿಕೆ) ಹರಿದು, ನೀರು ಒಳಸೇರಿ, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರಿಂದ, ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿರಬೇಕೆಂಬ ನನ್ನ ಊಹೆ ತಪ್ಪಾಗಿತ್ತು. ಓಡಿಸುವ ರೀತಿಯೇ ಕಾರಣವೆಂದು ಮೊದಲು ಹೇಳಿದ ಮೆಕ್ಯಾನಿಕ್ಕರಂತೂ ಚಕ್ರವನ್ನೇ ಬಿಚ್ಚಿರಲಿಲ್ಲ. ಹೊಸ ಪಿನ್ ಮತ್ತು ಬೂಟ್‌ಗಳನ್ನು ಶಾಖ ತಡೆಯುವ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿ, ಡಿಸ್ಕ್ ಹಾಗೂ ಪ್ಯಾಡ್‌ಗಳನ್ನು ಎರಡೂ ಬದಿ ಬದಲಾಯಿಸಿದ್ದಾಯಿತು. ಮೊದಲು ಅರ್ಧ ಗಂಟೆ ಓಡಿಸಿದರೆ ಎಡ ಹಿಂಚಕ್ರದ ಹತ್ತಿರ ಕೈ ಒಯ್ಯಲಾಗುತ್ತಿರಲಿಲ್ಲ. ಈಗ ಎರಡೂ ಚಕ್ರಗಳ ಬಿಸಿ ಒಂದೇ ಸಮನಾಗಿದೆ.