ವಾರಾಂತ್ಯಕ್ಕೆ ಟಾಕೊ ಟ್ರೇಲರ್: ನಡೆಸಿದವರು ಏನಂತಾರೆ?

ಪ್ರಶ್ನೆ, ರೌಂಡ್ ರಾಕ್ (ಟೆಕ್ಸಾಸ್) ನಿಂದ

ಎಲ್ಲರಿಗೂ ನಮಸ್ಕಾರ. ನಾವಿರುವುದು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ. ಯಜಮಾನರದು ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ನನ್ನದು ಅವರ ಹೆಂಡತಿ ಅಂತ ಸಿಕ್ಕ ಎಚ್-4 ವೀಸಾ, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇದೆ. ಪಕ್ಕದ ಮನೆಯವರು ಮೆಕ್ಸಿಕೊದ ಪ್ವೆಬ್ಲಾ ಕಡೆಯವರು. ಆ ಮನೆಯ ಅಜ್ಜಿಯ ಹತ್ತಿರ ಟಾಕೊ (ಟೋರ್ಟಿಯಾ ಅನ್ನುವ ತೆಳು ರೊಟ್ಟಿಯಲ್ಲಿ ಪಲ್ಯ, ಮಾಂಸ ಇಟ್ಟು ಮಡಚಿದ್ದು), ಸಾಲ್ಸಾ (ಖಾರದ ಚಟ್ನಿ) ಎಲ್ಲ ಕಲಿತಿದ್ದೇನೆ. ಪಾಟ್‌ಲಕ್‌ಗೆ ತಗೊಂಡು ಹೋದರೆ ಪಾತ್ರೆ ಖಾಲಿ ಆಗಿಯೇ ವಾಪಸ್ ಬರುತ್ತದೆ. ಈಗ ಗಾಡಿಗೆ ಕಟ್ಟಿ ಎಳೆಯುವ 16 ಅಡಿಯ ಹಳೇ ಫುಡ್ ಟ್ರೇಲರ್ ಒಂದು ಮಾರಾಟಕ್ಕಿದೆ, 32 ಸಾವಿರ ಡಾಲರ್ ಹೇಳುತ್ತಿದ್ದಾರೆ. ಶನಿವಾರ, ಭಾನುವಾರ ಮಾತ್ರ ನಡೆಸುವ ಆಸೆ. ಬೀಫ್, ಪೋರ್ಕ್ ನಾವು ಮುಟ್ಟುವುದಿಲ್ಲ. ಅವೆರಡೂ ಇಲ್ಲದೆ ಟಾಕೊ ವ್ಯಾಪಾರ ಆಗುತ್ತಾ? ಟ್ರೇಲರ್ ತಗೊಳ್ಳಬಹುದಾ?

ಡಲ್ಲಾಸ್‌ನಿಂದ

ಟ್ರೇಲರ್ ಆಮೇಲೆ ನೋಡೋಣ, ಮೊದಲು ವೀಸಾ. ಎಚ್-1ಬಿ ಇರುವವರು ಯಾವ ಕಂಪನಿ ಅರ್ಜಿ ಹಾಕಿದೆಯೋ ಅಲ್ಲಿ ಮಾತ್ರ ಕೆಲಸ ಮಾಡಬಹುದು. ವ್ಯಾಪಾರದಲ್ಲಿ ದುಡ್ಡು ಹಾಕಿ ಸುಮ್ಮನೆ ಕೂರುವುದಕ್ಕೆ ಅಡ್ಡಿಯಿಲ್ಲ. ಆದರೆ ಕಿಟಕಿಯಲ್ಲಿ ನಿಂತು ಆರ್ಡರ್ ತಗೊಂಡರೆ ಅದು ಕೆಲಸ. "ಹೆಂಡತಿಗೆ ಸಹಾಯ ಮಾಡ್ತಿದ್ದೆ, ಸಂಬಳ ತಗೊಂಡಿಲ್ಲ" ಅನ್ನುವ ಮಾತನ್ನು ನಂಬಿಕೊಂಡು ಗ್ರೀನ್ ಕಾರ್ಡ್ ಅರ್ಜಿಯನ್ನು ಪಣಕ್ಕಿಡಬೇಡಿ.

ನಿಮ್ಮ ದಾರಿ ಸಲೀಸು. 2015ರಿಂದ ಎಚ್-4 ಇಎಡಿ ಕೊಡುತ್ತಿದ್ದಾರೆ. ಅದಿದ್ದರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಸ್ವಂತ ವ್ಯಾಪಾರವೂ ಸೇರಿ. ಎಲ್‌ಎಲ್‌ಸಿ ಅನ್ನುವ ಬಗೆಯ ಕಂಪನಿಯನ್ನು ನಿಮ್ಮ ಹೆಸರಿನಲ್ಲಿ ಮಾಡಿಸಿ. ಟೆಕ್ಸಾಸ್‌ನಲ್ಲಿ ಅದಕ್ಕೆ ಫೀಸು 300 ಡಾಲರ್. ಆದರೆ ನಿಮ್ಮ ಇಎಡಿ ನಿಂತಿರುವುದು ಯಜಮಾನರ ವೀಸಾ ಮೇಲೆ. ಅವರ ಕೆಲಸ ಹೋದರೆ ಟ್ರೇಲರ್ ಕಿಟಕಿಯನ್ನೂ ಮುಚ್ಚಬೇಕಾಗಬಹುದು. ದೊಡ್ಡ ಸಾಲ ಮಾಡುವ ಮುಂಚೆ ವಲಸೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳಿ.

ಇನ್ನೊಂದು. ಶನಿವಾರ, ಭಾನುವಾರ ಟ್ರೇಲರ್‌ನಲ್ಲಿ ನಿಮ್ಮ ಜೊತೆ ನಿಲ್ಲುವವರು ಯಾರು? ಯಜಮಾನರನ್ನು ಲೆಕ್ಕಕ್ಕೆ ಹಿಡಿದಿದ್ದರೆ ಈಗಲೇ ಬಿಡಿ. ಸಂಬಳದ ಆಳು ಬೇಕು.

ಹ್ಯೂಸ್ಟನ್‌ನಿಂದ

ನಾನು ಕೆಲವು ವರ್ಷ ವಾರಾಂತ್ಯಕ್ಕೆ ಟ್ರೇಲರ್ ನಡೆಸಿ ಆಮೇಲೆ ಮಾರಿದೆ. ನಷ್ಟವಾಗಿ ಮಾರಿದ್ದಲ್ಲ, ಮಕ್ಕಳು ದೊಡ್ಡವರಾದರು. ಹಾಗಾಗಿ ಒಳಗಿನ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹೊರಗಿನವರ ಕಣ್ಣಿಗೆ ಟ್ರೇಲರ್ ಅಂದರೆ ಒಲೆ ಮತ್ತು ಕಿಟಕಿ. ನಡೆಸುವವರಿಗೆ ಅದು ನೀರು. ಮೂರು ಗುಂಡಿಯ ಸಿಂಕ್ ಬೇಕು, ಕೈ ತೊಳೆಯಲು ಬೇರೆ ಸಿಂಕ್ ಬೇಕು, ಬಿಸಿನೀರು ಬರಬೇಕು. ಕೊಳಕು ನೀರಿನ ಟ್ಯಾಂಕ್ ಒಳ್ಳೇ ನೀರಿನ ಟ್ಯಾಂಕ್‌ಗಿಂತ ಕನಿಷ್ಠ ಶೇ. 15 ದೊಡ್ಡದಿರಬೇಕು. ಆ ಕೊಳಕು ನೀರನ್ನು ಮನೆ ಹಿತ್ತಲಿಗೋ ರಸ್ತೆ ಚರಂಡಿಗೋ ಬಿಡುವ ಹಾಗಿಲ್ಲ. ಅದಕ್ಕೇ ಕಮಿಸರಿ ಅಂತ ಒಂದು ಲೈಸೆನ್ಸ್ ಇರುವ ಅಡುಗೆಮನೆಯ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ನೀರು ತುಂಬಿಸುವುದು, ಖಾಲಿ ಮಾಡುವುದು, ತರಕಾರಿ ಹೆಚ್ಚುವುದು, ತಿಂಡಿ ಸಾಮಾನು ಇಡುವುದು ಎಲ್ಲ ಅಲ್ಲೇ. ಟ್ರೇಲರ್ ಕೊಳ್ಳುವ ಮೊದಲೇ ಕಮಿಸರಿ ಹುಡುಕಿ. ಮನೆಯಿಂದ 40 ನಿಮಿಷ ದೂರವಿದ್ದರೆ ನಿಮ್ಮ ವಾರಾಂತ್ಯ ಹೈವೇ ಮೇಲೆ ಕಳೆದುಹೋಗುತ್ತದೆ.

ಈಗ ದುಡ್ಡಿನ ಲೆಕ್ಕ. ಮೂರು ಟಾಕೊ ಪ್ಲೇಟ್ 12 ಡಾಲರ್ ಅಂತ ಇಟ್ಟುಕೊಳ್ಳಿ. ಪರವಾಗಿಲ್ಲ ಅನ್ನುವ ಒಂದು ದಿನ, 70 ಪ್ಲೇಟ್. ಬಂದದ್ದು 840. ಅದರಲ್ಲಿ ಸಾಮಾನಿಗೆ 250 ಹೋಯಿತು. ಇಬ್ಬರು ಹುಡುಗರು, ಆರಾರು ಗಂಟೆ, ಗಂಟೆಗೆ 15ರಂತೆ 180. ಕಾರ್ಡ್ ಮಷೀನಿನವರಿಗೆ 25. ಗ್ಯಾಸು, ಐಸು, ಪೇಪರ್ ತಟ್ಟೆ 60. ಉಳಿದದ್ದು 325. ಕಮಿಸರಿ, ವಿಮೆ ಎಲ್ಲ ಸೇರಿ ತಿಂಗಳಿಗೆ 700 ಅಂದರೆ, ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 88. ಕೈಗೆ 237. ತಯಾರಿ, ತೊಳೆಯುವುದು, ಸಾಮಾನು ತರುವುದು ಸೇರಿ ನೀವು ದುಡಿದದ್ದು 14 ಗಂಟೆ ಅಂದರೆ ಗಂಟೆಗೆ 17 ಡಾಲರ್. ಮೇಲೆ ಸ್ವಂತ ಉದ್ಯೋಗದ ತೆರಿಗೆ 15.3 ಶೇಕಡಾ ಇದೆ. ಟ್ರೇಲರಿನ 32 ಸಾವಿರವನ್ನು ಇನ್ನೂ ಲೆಕ್ಕಕ್ಕೇ ತಂದಿಲ್ಲ. ಮಳೆ ಬಂದ ದಿನ ಈ ಲೆಕ್ಕವೂ ಇಲ್ಲ.

ಇದನ್ನು ಓದಿ ಬಿಟ್ಟುಬಿಡಿ ಅಂತಲ್ಲ. 70 ಪ್ಲೇಟು 110 ಆದರೆ ಚಿತ್ರ ಪೂರ್ತಿ ಬದಲಾಗುತ್ತದೆ, ಯಾಕಂದರೆ ಬಾಡಿಗೆ, ವಿಮೆ ಹೆಚ್ಚಾಗುವುದಿಲ್ಲ. 110 ಜನ ಸಿಗುವ ಜಾಗ ಮೊದಲು ಹುಡುಕಿ. ಅಡುಗೆಮನೆ ಇಲ್ಲದ ಬ್ರೂವರಿಗಳು (ಬಿಯರ್ ತಯಾರಿಸಿ ಮಾರುವ ಕಡೆ) ವಾರಾಂತ್ಯಕ್ಕೆ ಟ್ರೇಲರ್ ಕರೆಯುತ್ತವೆ. ಮದುವೆ, ಆಫೀಸ್ ಪಾರ್ಟಿ ಆರ್ಡರ್ ಇನ್ನೂ ಒಳ್ಳೇದು. ಎಷ್ಟು ತಟ್ಟೆ ಅಂತ ಮೊದಲೇ ಗೊತ್ತು, ಅಡ್ವಾನ್ಸೂ ಬರುತ್ತದೆ. ನನ್ನ ಲಾಭದಲ್ಲಿ ಜಾಸ್ತಿ ಪಾಲು ಬಂದದ್ದು ಅಲ್ಲಿಂದ.

ಸೇಲ್ಸ್ ಟ್ಯಾಕ್ಸ್ 8.25 ಶೇಕಡಾ, ರಾಜ್ಯದ್ದೂ ಊರಿನದ್ದೂ ಸೇರಿ. ಪರ್ಮಿಟ್ ಪುಕ್ಕಟೆ. ಆ ದುಡ್ಡನ್ನು ಅವತ್ತೇ ಬೇರೆ ಖಾತೆಗೆ ಹಾಕಿ. ವ್ಯಾಪಾರ ಸೊನ್ನೆ ಆದರೂ ರಿಟರ್ನ್ ಹಾಕಬೇಕು, ತಡವಾದರೆ 50 ಡಾಲರ್ ದಂಡ.

ಸ್ಯಾನ್ ಆಂಟೋನಿಯೊದಿಂದ

ಬೀಫ್, ಪೋರ್ಕ್ ಇಲ್ಲದೆ ಆಗುತ್ತಾ ಅಂತ ಕೇಳಿದ್ದೀರಿ. ಸಂಜೆ ವ್ಯಾಪಾರಕ್ಕೆ ನಿಂತರೆ ಕಷ್ಟ. ಜನ ಬರುವುದೇ ಕಾರ್ನಿಟಾಸ್, ಬಿರಿಯಾ, ಅಲ್ ಪಾಸ್ತೋರ್ ಅಂತ ಹಂದಿ, ದನದ ಮಾಂಸದ ಟಾಕೊ ಕೇಳಿಕೊಂಡು. ಆದರೆ ನೀವಿರುವುದು ಆಸ್ಟಿನ್ ಪಕ್ಕ. ಬೆಳಗಿನ ತಿಂಡಿಗೇ ಟಾಕೊ ತಿನ್ನುವ ಸೀಮೆ ಅದು. ಆಲೂ-ಮೊಟ್ಟೆ, ಬೀನ್ಸ್ ಕಾಳು-ಚೀಸ್, ಮಿಗಾಸ್. ಇವಕ್ಕೆ ಯಾವ ಮಾಂಸವೂ ಬೇಕಿಲ್ಲ. ಆಸ್ಟಿನ್‌ನ ವೆರಾಕ್ರೂಸ್ ಆಲ್ ನ್ಯಾಚುರಲ್ 2008ರಲ್ಲಿ ಇಬ್ಬರು ಅಕ್ಕತಂಗಿಯರು ಟ್ರೇಲರ್‌ನಲ್ಲಿ ಶುರು ಮಾಡಿದ್ದು. ಅವರಿಗೆ ದೊಡ್ಡ ಹೆಸರು ಬಂದದ್ದು ಮಿಗಾಸ್ ಟಾಕೊದಿಂದ. ಮೊಟ್ಟೆ, ಗರಿಗರಿ ಟೋರ್ಟಿಯಾ ಚೂರು, ಟೊಮ್ಯಾಟೊ, ಈರುಳ್ಳಿ, ಕೊತ್ತಂಬರಿ, ಚೀಸು, ಬೆಣ್ಣೆಹಣ್ಣು, ಅಷ್ಟೇ. ಅವರದು ಹಗಲಿರುಳಿನ ದುಡಿಮೆ, ವಾರಾಂತ್ಯದ್ದಲ್ಲ, ಅದು ಬೇರೆ ಮಾತು.

ಬೆಳಿಗ್ಗೆ ಮಾಡಿದರೆ ಇನ್ನೊಂದು ಲಾಭ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟುತ್ತದೆ. ತವಾ ಉರಿಯುತ್ತಿರುವ ತಗಡಿನ ಡಬ್ಬಿಯೊಳಗೆ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲುವುದು ಯಾರಿಗೂ ಬೇಡ. ಏಳಕ್ಕೆ ತೆರೆದು ಹನ್ನೊಂದೂವರೆಗೆ ಮುಚ್ಚಿ. ಕ್ರಿಕೆಟ್ ಲೀಗ್ ನಡೆಯುವ ಮೈದಾನ, ಮಕ್ಕಳ ಸಾಕರ್ ಮೈದಾನ, ರೈತರ ಸಂತೆ ಕೇಳಿ ನೋಡಿ.

ಹಿಟ್ಟಿನ ಬಗ್ಗೆ. ಆಸ್ಟಿನ್ ಬೆಳಗಿನ ಟಾಕೊಗೆ ಮೈದಾದ ಟೋರ್ಟಿಯಾ ಹೆಚ್ಚು ನಡೆಯುತ್ತದೆ. ಚಪಾತಿ ಲಟ್ಟಿಸಿ ಗೊತ್ತಿರುವ ಕೈಗೆ ಅದು ಬೇಗ ಬರುತ್ತದೆ. ತವಾದಿಂದ ಆಗತಾನೇ ಇಳಿದದ್ದು ಕೊಟ್ಟರೆ ಪ್ಯಾಕೆಟ್ ಟೋರ್ಟಿಯಾ ಇಟ್ಟವರು ನಿಮ್ಮ ಮುಂದೆ ನಿಲ್ಲುವುದಿಲ್ಲ. ಅಂಗಡಿಯ ಮೈದಾ ಟೋರ್ಟಿಯಾದಲ್ಲೂ ಹೋಟೆಲಿನ ರುಬ್ಬಿದ ಬೀನ್ಸ್‌ನಲ್ಲೂ ಎಷ್ಟೋ ಸಲ ಹಂದಿ ಕೊಬ್ಬು ಇರುತ್ತದೆ. ನಮ್ಮವರು ಕೇಳಿಯೇ ಕೇಳುತ್ತಾರೆ. ನೀವು ಎಣ್ಣೆ ಹಾಕಿ ಮಾಡಿ, ಅದನ್ನು ಬೋರ್ಡ್ ಮೇಲೆ ಬರೆದು ಹಾಕಿ. ಮೆಕ್ಕೆಜೋಳದ ಟೋರ್ಟಿಯಾಗೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಬೇಕು. ವಾರಾಂತ್ಯದ ವ್ಯಾಪಾರಕ್ಕೆ ಅಷ್ಟೆಲ್ಲ ಬೇಡ. ಮಸೇಕಾ ಅನ್ನುವ ಸಿದ್ಧ ಹಿಟ್ಟು ತನ್ನಿ, ಅಥವಾ ಊರಿನ ಟೋರ್ಟಿಯೇರಿಯಾ, ಅಂದರೆ ಟೋರ್ಟಿಯಾ ಮಾಡುವ ಅಂಗಡಿಯಿಂದ ಬಿಸಿಬಿಸಿ ತನ್ನಿ.

ಪನೀರ್ ಟಾಕೊ, ಚಿಕನ್ ಸುಕ್ಕಾ ಟಾಕೊ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಲಾಸ್ ಏಂಜಲೀಸ್‌ನ ಕೊಗಿ ಟ್ರಕ್ 2008ರಲ್ಲಿ ಕೊರಿಯನ್ ಟಾಕೊ ಮಾರಿ ಗೆದ್ದಿದ್ದು ನಿಜ. ನನ್ನ ಕೇಳಿದರೆ ಅಂಥದ್ದು ಒಂದೇ ಒಂದು ಇರಲಿ, ವಾರದ ಸ್ಪೆಷಲ್ ಆಗಿ. ಉಳಿದದ್ದು ಅಜ್ಜಿ ಕಲಿಸಿದ ಹಾಗೇ ಇರಲಿ. ನಾಲ್ಕು ಬಗೆ ಟಾಕೊ, ಎರಡು ಸಾಲ್ಸಾ. ಐದನೆಯದು ಸೇರಿಸಿದರೆ ಫ್ರಿಜ್‌ನಲ್ಲಿ ಜಾಗ ಇರಲ್ಲ, ಸರದಿಯೂ ನಿಧಾನ. ಗುವಾಹಿಯೊ ಮೆಣಸಿನಕಾಯಿಯ ಸಾಲ್ಸಾ ಮಾಡಿ. ಬ್ಯಾಡಗಿ ತಿಂದು ಬೆಳೆದವರಿಗೆ ಆ ಬಣ್ಣ, ಆ ಹದವಾದ ಖಾರ ಪರಿಚಯದ್ದೇ.

ರೌಂಡ್ ರಾಕ್‌ನಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಗಿನ ಟಾಕೊ ತಲೆಗೇ ಹೊಳೆದಿರಲಿಲ್ಲ. ಒಂದು ಕೇಳಲಾ? ಸಾಲ್ಸಾ, ಬೀನ್ಸ್ ಶುಕ್ರವಾರ ರಾತ್ರಿ ಮನೆಯಲ್ಲೇ ಮಾಡಿಟ್ಟರೆ ಕಮಿಸರಿ ಖರ್ಚು ಉಳಿಯುತ್ತದಲ್ವಾ?

ಹ್ಯೂಸ್ಟನ್‌ನಿಂದ

ಆಗುವುದಿಲ್ಲ ಮೇಡಂ. ಮನೆ ಅಡುಗೆಮನೆಯಲ್ಲಿ ಮಾಡಿದ್ದನ್ನು ಟ್ರೇಲರ್‌ನಲ್ಲಿ ಮಾರುವಂತಿಲ್ಲ. ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ ಅದನ್ನು. ಆಮೇಲೆ ಥರ್ಮಾಮೀಟರ್ ಹಾಕಿ ನೋಡುತ್ತಾರೆ. ಬಿಸಿ ಇಡುವುದು 135 ಫ್ಯಾರನ್‌ಹೀಟ್‌ಗಿಂತ ಕೆಳಗೆ ಬರಬಾರದು, ತಣ್ಣಗಿಡುವುದು 41 ದಾಟಬಾರದು. ಬೀನ್ಸನ್ನು ದೊಡ್ಡ ಪಾತ್ರೆಯಲ್ಲೇ ಆರಲು ಬಿಟ್ಟರೆ ಸಿಕ್ಕಿಬೀಳುತ್ತೀರಿ. ಅಗಲದ ತಟ್ಟೆಗಳಿಗೆ ಹಾಕಿ ಬೇಗ ತಣ್ಣಗೆ ಮಾಡಬೇಕು. ಫುಡ್ ಮ್ಯಾನೇಜರ್ ಪರೀಕ್ಷೆ ನೀವು ಪಾಸು ಮಾಡಿಕೊಳ್ಳಿ, ಅಲ್ಲೇ ಇದೆಲ್ಲ ಕಲಿಸುತ್ತಾರೆ. ಹುಡುಗರಿಗೆ ಫುಡ್ ಹ್ಯಾಂಡ್ಲರ್ ಕಾರ್ಡ್ ಆನ್‌ಲೈನ್‌ನಲ್ಲೇ ಆಗುತ್ತದೆ.

ಆಸ್ಟಿನ್‌ನಿಂದ

ನಿಮಗೆ ಅನುಕೂಲವಾಗುವ ಸಂಗತಿ ಒಂದಿದೆ. ರೌಂಡ್ ರಾಕ್ ವಿಲಿಯಮ್ಸನ್ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ), ಆಸ್ಟಿನ್‌ನ ಹೆಚ್ಚು ಭಾಗ ಟ್ರಾವಿಸ್ ಕೌಂಟಿ. ಎರಡೂ ಕಡೆ ಮಾರಬೇಕೆಂದರೆ ಎರಡು ಪರ್ಮಿಟ್, ಎರಡು ಇನ್‌ಸ್ಪೆಕ್ಷನ್ ಇತ್ತು. 2025ರಲ್ಲಿ ಟೆಕ್ಸಾಸ್‌ನಲ್ಲಿ ಪಾಸಾದ ಕಾನೂನು ಎಚ್‌ಬಿ 2844 ಪ್ರಕಾರ 2026ರ ಜುಲೈ 1ರಿಂದ ಲೈಸೆನ್ಸ್ ರಾಜ್ಯದ ಆರೋಗ್ಯ ಇಲಾಖೆಯದು, ಇಡೀ ಟೆಕ್ಸಾಸ್‌ಗೆ ಒಂದೇ. ಬೆಂಕಿ ಸುರಕ್ಷತೆ, ಎಲ್ಲಿ ನಿಲ್ಲಿಸಬಹುದು ಅನ್ನುವುದಕ್ಕೆ ಆಯಾ ಊರಿನ ನಿಯಮ ನೋಡಲೇಬೇಕು.

ಆ 32 ಸಾವಿರದ ಟ್ರೇಲರ್ ಬಗ್ಗೆ. ಮೊದಲು ಒಂದೆರಡು ತಿಂಗಳು ಬಾಡಿಗೆಗೆ ತಗೊಂಡು ನಡೆಸಿ ನೋಡಿ ಅನ್ನುವವನು ನಾನು. ಕೊಳ್ಳುವುದೇ ಆದರೆ ಹಗಲಿನಲ್ಲಿ ಹೋಗಿ. ಟೈಟಲ್, ಅಂದರೆ ಒಡೆತನದ ಪತ್ರ ಕೇಳಿ. ಟೆಕ್ಸಾಸ್‌ನಲ್ಲಿ ಒಟ್ಟು ತೂಕ 4,000 ಪೌಂಡ್ ದಾಟುವ ಟ್ರೇಲರ್‌ಗೆ ಟೈಟಲ್ ಇರಲೇಬೇಕು. ಅದರ ಮೇಲಿನ ನಂಬರೂ ಚಾಸಿಯ ನಂಬರೂ ಒಂದೇನಾ ನೋಡಿ. ಟ್ಯಾಂಕ್ ತುಂಬಿಸಿ ಎಲ್ಲ ನಲ್ಲಿ ಬಿಟ್ಟು ಅರ್ಧ ಗಂಟೆ ಕಾಯಿರಿ, ಸೋರಿಕೆ ತಾನಾಗಿ ಕಾಣುತ್ತದೆ. ಗ್ಯಾಸ್ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ. ಒಲೆಯ ಮೇಲಿನ ಹುಡ್‌ನಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಇದೆಯಾ, ಅದರ ತಪಾಸಣೆಯ ಚೀಟಿ ಹೊಸದಾ? ಇಲ್ಲದಿದ್ದರೆ ಹಾಕಿಸಲು ಸಾವಿರಗಟ್ಟಲೆ ಆಗುತ್ತದೆ, ಅಷ್ಟು ಬೆಲೆ ಇಳಿಸಲು ಹೇಳಿ.

ಮನೆಯಲ್ಲಿ ಯಾವ ಗಾಡಿ ಇದೆ ಅಂತ ನೀವು ಹೇಳಿಲ್ಲ. ಮಿನಿವ್ಯಾನ್ ಆದರೆ 3,500 ಪೌಂಡ್‌ಗಿಂತ ಜಾಸ್ತಿ ಎಳೆಯುವುದಿಲ್ಲ. ಸಾಮಾನು ತುಂಬಿದ 16 ಅಡಿ ಟ್ರೇಲರ್ ಅದರ ಎರಡರಷ್ಟು ಇದ್ದರೂ ಇರಬಹುದು. ಪಿಕಪ್ ಕೊಳ್ಳುವ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ, ಆಮೇಲೆ ಮಾರುವವರಿಗೆ ಫೋನ್ ಮಾಡಿ.