ಫ್ಲಶ್ ಟ್ಯಾಂಕ್ ತುಂಬಿದ ಮೇಲೂ ನೀರು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಅಣ್ಣಾವ್ರೆ, ನಮ್ಮದು ಹಳೇ ಮನೆ. ಕೆಳಗಿನ ಟಾಯ್ಲೆಟ್‌ನಲ್ಲಿ ಗೋಡೆಗೆ ಹಾಕಿದ ಪ್ಲಾಸ್ಟಿಕ್ ಫ್ಲಶ್ ಟ್ಯಾಂಕ್ ಇದೆ. ತುಂಬಿದ ಮೇಲೂ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ನೀರು ಸುರಿಯುತ್ತಲೇ ಇರುತ್ತದೆ. ನಾಲ್ಕು ತಿಂಗಳ ಹಿಂದೆ ಬಾಲ್ ವಾಲ್ವ್ (ಬಾಲ್ ತೇಲಿ ಮೇಲೆದ್ದಾಗ ನೀರು ನಿಲ್ಲಿಸುವ ವಾಲ್ವ್) ಹೊಸದು ಹಾಕಿಸಿದೆವು. ಮತ್ತೆ ಅದೇ ಕಥೆ. ರಿಪೇರಿಗೆ ಬಂದವರು ಬಾಲ್ ಸಿಕ್ಕಿಸಿದ ಕಡ್ಡಿ ಬಗ್ಗಿಸಿ ಹೋದರು, ಎರಡು ದಿನ ಸರಿ ಇತ್ತು ಅಷ್ಟೇ. ಬೆಳಿಗ್ಗೆ ಬೀದಿ ನೀರು ಬಿಟ್ಟಾಗ ಜಾಸ್ತಿ. ಇನ್ನೊಂದು ವಾಲ್ವ್ ತರಬೇಕಾ, ಟ್ಯಾಂಕೇ ಬದಲಾಯಿಸಬೇಕಾ?

ಪ್ಲಂಬರ್: ಸದ್ಯಕ್ಕೆ ಎರಡೂ ಬೇಡ ಮೇಡಂ. ಮುಚ್ಚಳ ತೆಗೆದು ಬಾಲನ್ನು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿಯಿರಿ. ನೀರು ನಿಂತರೆ ವಾಲ್ವ್ ಚೆನ್ನಾಗಿದೆ, ತೊಂದರೆ ಬಾಲಿನದು. ಟ್ಯಾಂಕಿನ ಗೋಡೆಗೆ ತಾಗುತ್ತಿರಬಹುದು. ಇಲ್ಲವೇ ತೂತಾಗಿ ಒಳಗೆ ನೀರು ಹೊಕ್ಕಿರಬಹುದು. ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ತೆಂಗಿನಕಾಯಿ ಅಲ್ಲಾಡಿಸುತ್ತೇವಲ್ಲ ಹಾಗೆ. ಗುಳುಗುಳು ಅಂದರೆ ಬಾಲ್ ಒಂದೇ ಬದಲಾಯಿಸಿ.

ಪ್ರಶ್ನೆ ಕೇಳಿದವರು: ಎತ್ತಿ ಹಿಡಿದರೂ ಸಣ್ಣಗೆ ಬರುತ್ತಲೇ ಇದೆ. ಬಾಲ್ ಒಳಗೆ ಏನೂ ಸದ್ದಿಲ್ಲ.

ಪ್ಲಂಬರ್: ಹಾಗಾದರೆ ತೊಂದರೆ ವಾಷರಿನದು, ಅಂದರೆ ವಾಲ್ವಿನ ತೂತು ಮುಚ್ಚುವ ರಬ್ಬರ್ ಬಿಲ್ಲೆಯದು. ಕಡ್ಡಿ ಬಗ್ಗಿಸಿದರೆ ಎರಡೇ ದಿನ ಸರಿ ಇರುವುದು ಇದಕ್ಕೇ. ಬಗ್ಗಿಸಿದ ಮೇಲೆ ಬಾಲು ಆ ವಾಷರನ್ನು ಇನ್ನೂ ಗಟ್ಟಿಯಾಗಿ ಒತ್ತುತ್ತದೆ, ಒತ್ತಿ ಒತ್ತಿ ರಬ್ಬರ್ ಇನ್ನಷ್ಟು ಕೆಡುತ್ತದೆ.

ಕೆಳಗಿನ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ) ಮುಚ್ಚಿ ಒಂದು ಸಲ ಫ್ಲಶ್ ಮಾಡಿ. ಕಡ್ಡಿ ವಾಲ್ವಿಗೆ ಸೇರುವ ಕಡೆ ಒಂದು ಪಿನ್ ಇರುತ್ತದೆ, ಎಳೆಯಿರಿ. ಕಡ್ಡಿ ಕೈಗೆ ಬರುತ್ತದೆ, ಹಿಂದೆಯೇ ಬೆರಳ ತುದಿಯಷ್ಟು ಗಾತ್ರದ ಒಂದು ತುಂಡು ಜಾರಿ ಬರುತ್ತದೆ. ಕೆಳಗೆ ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಟ್ಯಾಂಕಿನೊಳಗೆ ಬೀಳುತ್ತದೆ. ಅದರ ತುದಿಯಲ್ಲಿ ಕರೀ ವಾಷರ್ ಇದೆ ನೋಡಿ. ಮಧ್ಯದಲ್ಲಿ ಉಂಗುರದ ಹಾಗೆ ಗುಳಿ ಬಿದ್ದಿರುತ್ತದೆ, ಅಥವಾ ಮರಳಿನ ಕಾಳು ಕಚ್ಚಿಕೊಂಡಿರುತ್ತದೆ. ಬೀದಿ ಪೈಪ್ ರಿಪೇರಿ ಆದಾಗಲೆಲ್ಲ ಮಣ್ಣು ಹೀಗೆ ಬಂದು ಸೇರುತ್ತದೆ.

ಈಗ ನೀರು ಬರುವ ತೂತಿನ ಅಂಚಿನ ಮೇಲೆ ಉಗುರು ಆಡಿಸಿ. ನುಣ್ಣಗಿದ್ದರೆ ಸರಿ. ಉಗುರಿಗೆ ಏನಾದರೂ ತಡೆದರೆ ಅಂಚಿನಲ್ಲಿ ಕಚ್ಚು ಬಿದ್ದಿದೆ ಅಂತ ಅರ್ಥ. ಆಗ ಹತ್ತು ವಾಷರ್ ಹಾಕಿದರೂ ನಿಲ್ಲುವುದಿಲ್ಲ, ವಾಲ್ವೇ ಬದಲಾಯಿಸಬೇಕು. ಬಿಳೀ ಉಪ್ಪು ಕಟ್ಟಿದ್ದರೆ ಕೆರೆಯಬೇಡಿ. ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಬೋರ್‌ವೆಲ್ ಮನೆಗಳಲ್ಲಿ ಇದೇ ದೊಡ್ಡ ಕಾಟ.

ಜೋಡಿಸುವ ಮೊದಲು ವಾಲ್ವ್ ಬಾಯಿಗೆ ಲೋಟ ಬೋರಲು ಹಿಡಿದು ಎರಡು ಸೆಕೆಂಡ್ ಕಾಕ್ ತೆಗೆಯಿರಿ, ಉಳಿದ ಮರಳು ಹೋಗಲಿ. ಲೋಟ ಮರೆತರೆ ನಿಮಗೇ ಸ್ನಾನ!

ಇನ್ನೊಬ್ಬರು: ಇಷ್ಟೆಲ್ಲ ಯಾಕೆ ಸಾರ್? ಆಂಗಲ್ ಕಾಕ್ ಅರ್ಧ ಮುಚ್ಚಿಬಿಟ್ಟರೆ ಆಯ್ತಲ್ವಾ?

ಪ್ಲಂಬರ್: ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಅರ್ಧ ಮುಚ್ಚಿದರೆ ಟ್ಯಾಂಕ್ ನಿಧಾನ ತುಂಬುತ್ತದೆ, ನಿಜ. ಆದರೆ ವಾಲ್ವ್ ಮುಚ್ಚಿ ನೀರು ನಿಂತಿತು ಅನ್ನಿ, ಆಮೇಲೆ ವಾಷರಿನ ಹಿಂದೆ ಪ್ರೆಷರ್ ಮೊದಲಿನಷ್ಟೇ. ಸೋರುವ ವಾಷರ್ ಸೋರುತ್ತದೆ.

ಮೇಡಂಗೆ ಬೆಳಿಗ್ಗೆ ಜಾಸ್ತಿ ಆಗುವುದೂ ಪ್ರೆಷರಿನಿಂದಲೇ. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಪ್ರೆಷರ್. ನಿಮ್ಮ ತಾರಸಿ ಟ್ಯಾಂಕಿನಿಂದ ಕೆಳಗಿನ ಮನೆಗೆ ಬರುವುದು ಅದರ ಅರ್ಧ ಇರಬಹುದು. ಬೀದಿ ಲೈನಿನಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಸವೆದ ವಾಷರ್ ತಡೆಯುವುದಿಲ್ಲ. ಟಾಯ್ಲೆಟ್ ಲೈನನ್ನು ತಾರಸಿ ಟ್ಯಾಂಕಿಗೆ ಸೇರಿಸಿಕೊಳ್ಳಿ. ಆಗದಿದ್ದರೆ ಮುಂದಿನ ಸಲ ಹೈ ಪ್ರೆಷರ್ ವಾಲ್ವ್ ಕೇಳಿ ತನ್ನಿ, ಅದರ ತೂತು ಸಣ್ಣದು.

ಮಂಡ್ಯದಿಂದ: ನಮ್ಮದು ಎರಡು ಬಟನ್ ಇರೋ ಕಮೋಡ್. ನೆಲಕ್ಕೆ ನೀರು ಬರಲ್ಲ, ಒಳಗೇ ಸುಮ್ನೆ ಹರೀತಿರುತ್ತೆ.

ಪ್ಲಂಬರ್: ನಿಮ್ಮದರಲ್ಲಿ ಓವರ್‌ಫ್ಲೋ ಕೊಳವೆ ಟ್ಯಾಂಕಿನ ಮಧ್ಯದಲ್ಲೇ ಇರುತ್ತದೆ. ನೀರು ಅದರ ಬಾಯಿಗೆ ಹತ್ತಿ ಒಳಗೆ ಇಳಿಯುತ್ತಿದ್ದರೆ ಫ್ಲೋಟ್ ಇಳಿಸಿ. ಬಾಯಿಗಿಂತ ಒಂದು ಇಂಚು ಕೆಳಗೆ ನೀರು ನಿಲ್ಲಬೇಕು. ಆಗಲೇ ಕೆಳಗಿದ್ದರೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾಯಿರಿ. ಕಮೋಡಿನಲ್ಲಿ ನೀಲಿ ಕಂಡರೆ ಸೋರುತ್ತಿರುವುದು ತಳದ ರಬ್ಬರ್ ಸೀಲ್. ನೀರು ತುಂಬುವ ವಾಲ್ವ್ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಅಣ್ಣಾವ್ರೆ, ಬಿಚ್ಚಿದೆವು! ಸಾಸಿವೆಯಷ್ಟು ಒಂದು ಕಲ್ಲು ಸಿಕ್ಕಿತು. ವಾಷರ್‌ನಲ್ಲಿ ಗುಳಿಯೂ ಇತ್ತು. ನಮ್ಮ ಯಜಮಾನರು ಅದನ್ನೇ ತಿರುಗಿಸಿ ಹಾಕಿದರು, ನಿಂತಿದೆ. ಬಿಚ್ಚುವ ಮೊದಲು ಬಾಟಲಿ ಇಟ್ಟು ನೋಡಿದ್ದೆ, ಹತ್ತು ನಿಮಿಷಕ್ಕೆ ಒಂದು ಲೀಟರ್ ಹೋಗುತ್ತಿತ್ತು.

ಪ್ಲಂಬರ್: ಅಂದರೆ ದಿನಕ್ಕೆ 144 ಲೀಟರ್, ವಾರಕ್ಕೆ ಸಾವಿರ ಲೀಟರಿನ ಸಿಂಟೆಕ್ಸ್ ಒಂದು ಖಾಲಿ! ತಿರುಗಿಸಿ ಹಾಕಿದ್ದು ಸ್ವಲ್ಪ ದಿನಕ್ಕೆ ಪರವಾಗಿಲ್ಲ. ಹೊಸದು ತರುವಾಗ ಹಳೇ ವಾಷರ್ ಬಿಚ್ಚಿ ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋಗಲು ಹೇಳಿ. ಬಾಯಲ್ಲಿ ಅಳತೆ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ.