'ಸರದಿಯಲ್ಲಿದೆ' ಎಂದರೆ ಕೂರಬೇಕೋ, ಏಳಬೇಕೋ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ಮಂಡ್ಯದ ಒಂದು ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿ ಯಂತ್ರದಿಂದ ಟೋಕನ್ ಚೀಟಿ ಹರಿದುಕೊಂಡು ಕೂರಬೇಕು, ಗೋಡೆಯ ಪರದೆಯಲ್ಲಿ ನಂಬರು ಬರುತ್ತದೆ. ಪಕ್ಕದಲ್ಲಿದ್ದ ಅಜ್ಜಿ ಬೆವರಿಗೆ ಮೆತ್ತಗಾಗಿದ್ದ ಚೀಟಿ ಚಾಚಿ, 'ಕನ್ನಡಕ ತಂದಿಲ್ಲ ಕಣಪ್ಪ, ನಂದು ಬಂತಾ ನೋಡು' ಅಂದರು. ಅವರದು 47. ಪರದೆಯಲ್ಲಿ 'ಟೋಕನ್ 47 ಸರದಿಯಲ್ಲಿದೆ' ಎಂದಿತ್ತು. 'ಇನ್ನೂ ಸರದೀಲಿದೆ, ಕೂತ್ಕೊಳ್ಳವ್ವ' ಅಂದುಬಿಟ್ಟೆ. ಸ್ವಲ್ಪ ಹೊತ್ತಿಗೆ 48 ಬಂತು. ಸರದಿ ಬಂದಿದೆ ಅನ್ನುವುದನ್ನೇ ಕಚೇರಿಯವರು ಹಾಗೆ ಬರೆದಿದ್ದರು! ಕೌಂಟರಿನಲ್ಲಿ ಹೊಸ ಟೋಕನ್ ತಗೊಳ್ಳಿ ಅಂದರು. ಅಜ್ಜಿಗೆ ಸಿಕ್ಕಿದ್ದು 71. ತಪ್ಪು ಹೇಳಿದವನು ನಾನು, ಅದು ಇನ್ನೂ ಚುಚ್ಚುತ್ತಿದೆ.

'ಈಗ ನಿನ್ನ ಸರದಿ' ಅಂದರೆ ಪಾಳಿ. 'ಸರದಿಯಲ್ಲಿ ನಿಲ್ಲಿ' ಅಂದರೆ ಸಾಲು. ಪತ್ರಿಕೆಗಳಲ್ಲಿ 'ಸರತಿ ಸಾಲು' ಅಂತ ಜೋಡಿಸಿಯೇ ಬರೆಯುತ್ತಾರೆ. ಇಷ್ಟು ದಿನ ಈ ಎರಡು ಅರ್ಥ ಒಂದಕ್ಕೊಂದು ತೊಡರಿಕೊಳ್ಳಲಿಲ್ಲ, ಸಾಲು ಕಣ್ಣೆದುರಿಗೇ ಇತ್ತಲ್ಲ. ರೇಷನ್ ಅಂಗಡಿ ಮುಂದೆ ಬಂದವರು ಮೊದಲು ಕೇಳುವುದೇ 'ಕೊನೇಲಿ ಯಾರಿದೀರಿ?' ಅಂತ. ಚೀಲವನ್ನೋ ಕಲ್ಲನ್ನೋ ಇಟ್ಟು, 'ಜಾಗ ನೋಡ್ಕೊಂಡಿರಿ, ಬಂದೆ' ಅಂತ ಹೇಳಿ ಹೋದರೆ, ಹಿಂದೆ ನಿಂತವರೇ ಸಾಕ್ಷಿ. 'ಇವರು ನನ್ನ ಮುಂದಿದ್ದರು' ಅಂತ ಅವರು ಒಂದು ಮಾತು ಹೇಳಿದರೆ ಮುಗಿಯಿತು. ಟೋಕನ್ ಸಾಲಿನಲ್ಲಿ 48 ಯಾರ ಕೈಯಲ್ಲಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅಜ್ಜಿಯ ಪರವಾಗಿ ಯಾರು ಮಾತಾಡಬೇಕಿತ್ತು? ಕಾಣದ ಸಾಲಿಗೆ ಪದ ಇಡುವಾಗ ಇನ್ನಷ್ಟು ಎಚ್ಚರ ಬೇಕು ಅನ್ನುವುದು ಇದಕ್ಕೇ.

(ಅಂದಹಾಗೆ, ಕ್ಯೂ ಪದ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ಬಾಲ. ಸಾಲು ಉದ್ದವಾದರೆ ನಾವೂ ಹನುಮಂತನ ಬಾಲ ಅನ್ನುತ್ತೇವಲ್ಲ.)

ರೈಲಿನ ವೇಟಿಂಗ್ ಲಿಸ್ಟಿಗೂ ಕೆಲವರು 'ಸರದಿ ಪಟ್ಟಿ' ಎಂದು ಬರೆಯುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಸರದಿ ಅಂದಮೇಲೆ ತಡವಾದರೂ ಬರಲೇಬೇಕು. ವೇಟಿಂಗ್ 12 ಇದ್ದರೆ, ಸಾಮಾನ್ಯವಾಗಿ ನಮಗಿಂತ ಮುಂದಿರುವವರು ಟಿಕೆಟ್ ರದ್ದು ಮಾಡಿದರೆ ಮಾತ್ರ ನಾವು ಮೇಲೇರುತ್ತೇವೆ. ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದಮೇಲೂ ವೇಟಿಂಗಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿಯೇ ರದ್ದಾಗಿ ದುಡ್ಡು ವಾಪಸಾಗುತ್ತದೆ. ಆರ್‌ಎಸಿ (ಮಲಗಲು ಪೂರ್ತಿ ಬರ್ತ್ ಇಲ್ಲದಿದ್ದರೂ ಕೂರಲು ಜಾಗ ಸಿಗುವ ಟಿಕೆಟ್) ಆದರೆ ಸೈಡ್ ಲೋವರ್ ಬರ್ತಿನಲ್ಲಿ ಇಬ್ಬರು ಹಂಚಿಕೊಂಡು ಕೂತಾದರೂ ಹೋಗಬಹುದು. ವೇಟಿಂಗಿಗೆ 'ಕಾಯುವ ಪಟ್ಟಿ'ಯೇ ಸರಿ.

ನಮ್ಮ ಮೈಸೂರು, ಮಂಡ್ಯ ಕಡೆ ಮಾತಿನಲ್ಲಿ ಕ್ಯೂ, ಸಾಲು ಎರಡೂ ಇವೆ. ಪರದೆಗೆ ನಾನು ಹೇಳುವುದಿಷ್ಟು: ಕಾಯುತ್ತಿರುವವರಿಗೆ 'ಸಾಲಿನಲ್ಲಿದ್ದೀರಿ', ಕರೆಯುವಾಗ '47, ಬನ್ನಿ'. ಸರದಿ ಪದವನ್ನು ಅಲ್ಲಿಂದ ತೆಗೆದೇಬಿಡಲಿ.

ಬಲ್ಲವರಲ್ಲಿ ಎರಡು ಪ್ರಶ್ನೆ. ಸರತಿ, ಸರದಿ ಎರಡನ್ನೂ ನಿಮ್ಮ ಊರಲ್ಲಿ ಒಂದೇ ಅರ್ಥದಲ್ಲಿ ಆಡುತ್ತಾರೆಯೇ? ಸಾಲಿನಲ್ಲಿ ಬೇರೆಯವರ ಜಾಗ ನೋಡಿಕೊಂಡು ನಿಲ್ಲುವುದಕ್ಕೆ ನಿಮ್ಮ ಕಡೆ ಒಂದೇ ಪದವಿದ್ದರೆ ದಯವಿಟ್ಟು ತಿಳಿಸಿ.